ಸೆಕೆಂಡ್ ಹ್ಯಾಂಡ್ ಪೋಲರಾಯ್ಡ್ 600 ಕ್ಯಾಮೆರಾ: ಗುಂಡಿ ಒತ್ತಿದರೆ ಸದ್ದೇ ಇಲ್ಲ, ಎಲ್ಲಿಂದ ಪರೀಕ್ಷೆ ಶುರುಮಾಡಬೇಕು?

ನೆರಳುಬೆಳಕು (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ ಈಚೆಗೆ ಪೋಲರಾಯ್ಡ್ 600 ಬಗೆಯ ಹಳೆಯ ಇನ್‌ಸ್ಟಂಟ್ ಕ್ಯಾಮೆರಾ (ತೆಗೆದ ಕೂಡಲೇ ಚಿತ್ರದ ಹಾಳೆಯನ್ನು ಹೊರಕೊಡುವಂಥದ್ದು) ಒಂದು ಸೆಕೆಂಡ್ ಹ್ಯಾಂಡ್ ಆಗಿ ದೊರೆತಿದೆ. ಫ್ಲ್ಯಾಶ್ ಇರುವ ಮೇಲ್ಭಾಗವನ್ನು ಎತ್ತಿದಾಗ ಲೆನ್ಸ್ ತೆರೆದುಕೊಳ್ಳುವ, ಪೆಟ್ಟಿಗೆಯ ಆಕಾರದ ಮಾದರಿ ಇದು. ಹೊರಮೈ ಚೆನ್ನಾಗಿಯೇ ಇದೆ. ಲೆನ್ಸಿನ ಮೇಲೆ ಗೀರಿಲ್ಲ, ಪ್ಲಾಸ್ಟಿಕ್ ಎಲ್ಲಿಯೂ ಬಿರುಕು ಬಿಟ್ಟಿಲ್ಲ. ಆದರೆ ಗುಂಡಿ ಒತ್ತಿದರೆ ಯಾವ ಸದ್ದೂ ಬರುವುದಿಲ್ಲ, ಫ್ಲ್ಯಾಶ್ ಸಿದ್ಧವಾಗಿದೆ ಎಂದು ತೋರಿಸುವ ದೀಪವೂ ಹೊತ್ತಿಕೊಳ್ಳುವುದಿಲ್ಲ. ಬ್ಯಾಟರಿ ಹಾಕುವ ಜಾಗಕ್ಕಾಗಿ ಎಲ್ಲ ಬದಿಗಳಲ್ಲೂ ಹುಡುಕಿದೆ, ಅಂಥದ್ದೇನೂ ಕಾಣಿಸಲಿಲ್ಲ. ಒಳಗೆ ಬಹಳ ಹಳೆಯದೆನಿಸುವ ಖಾಲಿ ಫಿಲ್ಮ್ ಪ್ಯಾಕ್ ಒಂದು ಉಳಿದುಕೊಂಡಿತ್ತು. ಮಾರಿದವರು "ಪರೀಕ್ಷಿಸಿ ನೋಡಿಲ್ಲ" ಎಂದಷ್ಟೇ ಹೇಳಿದ್ದರು.

ಫಿಲ್ಮ್ ದುಬಾರಿಯಾದ ವಸ್ತು. ಆದ್ದರಿಂದ ಕ್ಯಾಮೆರಾ ಕೆಲಸ ಮಾಡುತ್ತದೆಯೋ ಇಲ್ಲವೋ ತಿಳಿಯದೆ ಹೊಸ ಪ್ಯಾಕ್ ಕೊಳ್ಳಲು ಮನಸ್ಸಾಗುತ್ತಿಲ್ಲ. ಇಂಥ ಕ್ಯಾಮೆರಾವನ್ನು ಮತ್ತೆ ಚಾಲನೆಗೆ ತಂದ ಅನುಭವ ಇರುವವರು ಯಾವ ಕ್ರಮದಲ್ಲಿ ಪರೀಕ್ಷಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ಲೆನ್ಸ್

ನಿಮ್ಮ ಕ್ಯಾಮೆರಾ ಕೆಟ್ಟಿದೆ ಎಂದು ಈಗಲೇ ತೀರ್ಮಾನಿಸಬೇಡಿ. ನೀವು ವಿವರಿಸಿದ ಲಕ್ಷಣಗಳೆಲ್ಲ ವಿದ್ಯುತ್ ಇಲ್ಲದ ಕ್ಯಾಮೆರಾದ ಲಕ್ಷಣಗಳು, ಮತ್ತು ಈ ಬಗೆಯ ಕ್ಯಾಮೆರಾದಲ್ಲಿ ಬ್ಯಾಟರಿ ಇರುವುದು ಫಿಲ್ಮ್ ಪ್ಯಾಕ್‌ನ ಒಳಗೆ. ಪ್ಯಾಕ್‌ನ ತಳದಲ್ಲಿ ತೆಳುವಾದ, ಚಪ್ಪಟೆಯಾದ 6 ವೋಲ್ಟ್ ಬ್ಯಾಟರಿ ಇರುತ್ತದೆ. ಶಟರ್, ಬೆಳಕನ್ನು ಅಳೆಯುವ ಕಣ್ಣು, ಫ್ಲ್ಯಾಶ್, ಫಿಲ್ಮನ್ನು ಹೊರದಬ್ಬುವ ಮೋಟಾರು, ಇವೆಲ್ಲಕ್ಕೂ ಅದೊಂದೇ ಆಧಾರ. ಒಳಗಿರುವ ಪ್ಯಾಕ್ ಎಷ್ಟೋ ವರ್ಷ ಹಳೆಯದಾಗಿದ್ದರೆ ಅದರ ಬ್ಯಾಟರಿ ಬರಿದಾಗಿರುವುದು ಸಹಜ. ಮಾರುವವರಲ್ಲಿ ಅನೇಕರಿಗೆ ಈ ಸಂಗತಿ ತಿಳಿದಿರುವುದಿಲ್ಲ. ಹಾಗಾಗಿ ಸರಿಯಾಗಿರುವ ಕ್ಯಾಮೆರಾಗಳೂ "ಕೆಟ್ಟಿದೆ" ಎಂಬ ಚೀಟಿ ಅಂಟಿಸಿಕೊಂಡು ಕೈ ಬದಲಾಯಿಸುತ್ತಿರುತ್ತವೆ.

ಮೊದಲು ಫಿಲ್ಮ್ ಬಾಗಿಲನ್ನು ತೆರೆದು, ಒಳಗಿನ ಬರಹವನ್ನೂ ಹೊರಮೈಯ ಹೆಸರನ್ನೂ ಓದಿ, ಅದು ಯಾವ ಫಿಲ್ಮ್ ಬೇಡುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 1972ರಲ್ಲಿ ಬಂದ ಎಸ್‌ಎಕ್ಸ್-70 ಕ್ಯಾಮೆರಾದ ಫಿಲ್ಮ್, 1981ರಲ್ಲಿ ಬಂದ 600 ಫಿಲ್ಮ್ ಮತ್ತು ಈಗಿನ ಐ-ಟೈಪ್ ಫಿಲ್ಮ್ ನೋಡಲು ಹೆಚ್ಚುಕಡಿಮೆ ಒಂದೇ ಗಾತ್ರದವು, ಆದರೆ ಒಂದರ ಬದಲು ಇನ್ನೊಂದನ್ನು ಕಣ್ಣುಮುಚ್ಚಿ ಹಾಕುವಂತಿಲ್ಲ. ಐ-ಟೈಪ್ ಪ್ಯಾಕ್‌ನಲ್ಲಿ ಬ್ಯಾಟರಿಯೇ ಇಲ್ಲ. ಸ್ವಂತ ಬ್ಯಾಟರಿ ಹೊಂದಿರುವ ಹೊಸ ಕ್ಯಾಮೆರಾಗಳಿಗಾಗಿ 2017ರಿಂದ ಅದನ್ನು ತಯಾರಿಸುತ್ತಿದ್ದಾರೆ. ಅದು ನಿಮ್ಮ ಕ್ಯಾಮೆರಾದೊಳಗೆ ಹೊಂದಿಕೊಂಡು ಕೂತರೂ ಏನೂ ನಡೆಯುವುದಿಲ್ಲ. ಪೆಟ್ಟಿಗೆಯ ಮೇಲೆ 600 ಎಂದೇ ಬರೆದಿರಬೇಕು.

ನಿಮ್ಮದು 600 ಆಗಿರುವುದು ಒಳ್ಳೆಯದೇ ಆಯಿತು, ಏಕೆಂದರೆ ಅದರ ಫಿಲ್ಮ್ ಈಗಲೂ ತಯಾರಾಗುತ್ತಿದೆ. ಎಲ್ಲ ಹಳೆಯ ಇನ್‌ಸ್ಟಂಟ್ ಕ್ಯಾಮೆರಾಗಳಿಗೂ ಆ ಭಾಗ್ಯವಿಲ್ಲ. 1986ರಲ್ಲಿ ಬಂದ, ಅಗಲ ಚಿತ್ರದ ಸ್ಪೆಕ್ಟ್ರಾ ಕ್ಯಾಮೆರಾದ ಫಿಲ್ಮ್ 2019ರಲ್ಲಿ ನಿಂತುಹೋಯಿತು. ಚಿತ್ರದ ಮೇಲಿನ ಪದರವನ್ನು ಸುಲಿದು ತೆಗೆಯುವ ಬಗೆಯಲ್ಲಿ ಫ್ಯೂಜಿ ಕಂಪನಿಯ ಎಫ್‌ಪಿ-100ಸಿ ಬಹುಕಾಲ ಆಸರೆಯಾಗಿತ್ತು. ಅದರ ತಯಾರಿಕೆಯೂ 2016ರಲ್ಲಿ ನಿಂತಿತು. ಕೊಡಾಕ್ ಕಂಪನಿಯ ಇನ್‌ಸ್ಟಂಟ್ ಕ್ಯಾಮೆರಾಗಳಂತೂ ಪೋಲರಾಯ್ಡ್ ಹೂಡಿದ ಪೇಟೆಂಟ್ ಮೊಕದ್ದಮೆಯಲ್ಲಿ ಸೋತು 1986ರಲ್ಲೇ ಮಾರುಕಟ್ಟೆಯಿಂದ ಹೊರನಡೆದವು. ಈ ಎಳೆಯನ್ನು ಓದುತ್ತಿರುವ ಬೇರೆಯವರು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳುವ ಮುನ್ನ, ಅದರ ಅಂದಕ್ಕೆ ಮನಸೋಲುವುದಕ್ಕೂ ಮೊದಲು, ಅದಕ್ಕೆ ಫಿಲ್ಮ್ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳಿ.

ಈಗ ಪರೀಕ್ಷೆಯ ವಿಚಾರ. ಹೊಸ ಪ್ಯಾಕ್ ಕೊಳ್ಳುವ ಅಗತ್ಯವಿಲ್ಲ. 600 ಫಿಲ್ಮ್ ಬಳಸುವ ಯಾರಾದರೂ ಪರಿಚಿತರಿದ್ದರೆ, ಈಚೆಗೆ ಮುಗಿಸಿದ ಖಾಲಿ ಪ್ಯಾಕನ್ನು ಕೇಳಿ ಪಡೆಯಿರಿ. ಚಿತ್ರಗಳೆಲ್ಲ ಮುಗಿದ ಮೇಲೂ ಅದರ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಸಾಕಷ್ಟು ಶಕ್ತಿ ಉಳಿದಿರುತ್ತದೆ. ಅದನ್ನು ಒಳಗಿಟ್ಟು ಬಾಗಿಲು ಮುಚ್ಚಿದ ಕೂಡಲೇ ಮೋಟಾರು ಒಮ್ಮೆ ತಿರುಗಬೇಕು. ಹೊಸ ಪ್ಯಾಕ್ ಆಗಿದ್ದರೆ ಫಿಲ್ಮನ್ನು ಮುಚ್ಚಿರುವ ಕಪ್ಪು ಹಾಳೆ ಹೊರಬರುತ್ತಿದ್ದುದು ಇದೇ ಓಟದಲ್ಲಿ. ಆಮೇಲೆ ಫ್ಲ್ಯಾಶನ್ನು ಎತ್ತಿ, ಅದು ಸಿದ್ಧವಾಗುವವರೆಗೆ ಕಾದು, ಗುಂಡಿ ಒತ್ತಿ ನೋಡಿ.

ಬೆಳ್ಳಿಕಣ

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಖಾಲಿ ಪ್ಯಾಕ್ ಹಾಕುವ ಮುನ್ನ ಕ್ಯಾಮೆರಾದೊಳಗಿನ ಎರಡು ಲೋಹದ ಪಟ್ಟಿಗಳನ್ನು ನೋಡಿಕೊಳ್ಳಿ. ಪ್ಯಾಕ್ ಕೂರುವ ಜಾಗದ ತಳದಲ್ಲಿ, ಸ್ಪ್ರಿಂಗಿನಂತೆ ತುಸು ಮೇಲೆದ್ದು ನಿಂತ ಪಟ್ಟಿಗಳವು. ಪ್ಯಾಕ್‌ನ ತಳದಲ್ಲಿ ತೆರೆದು ಕಾಣುವ ಬ್ಯಾಟರಿಯ ಬಿಂದುಗಳನ್ನು ಮುಟ್ಟಿ ವಿದ್ಯುತ್ ಪಡೆಯುವುದು ಅವುಗಳ ಕೆಲಸ. ಅಲ್ಲಿ ಹಸಿರು ಕಿಲುಬು ಅಥವಾ ಮಸುಕು ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ. ಪಟ್ಟಿ ಒಳಕ್ಕೆ ಅದುಮಿಹೋಗಿದ್ದರೆ ಬೆರಳ ತುದಿಯಿಂದ ಒಂದಿಷ್ಟೇ ಮೇಲಕ್ಕೆತ್ತಿ. ಜೋರು ಮಾಡಿದರೆ ಮುರಿಯುತ್ತದೆ.

ಮಲ್ಟಿಮೀಟರ್ ಇರುವವರು ಪ್ಯಾಕ್‌ನ ವೋಲ್ಟೇಜ್ ಅಳೆಯಬಹುದು. ಆದರೆ ಮೀಟರಿನಲ್ಲಿ 6ರ ಹತ್ತಿರ ತೋರಿಸಿದ ಬ್ಯಾಟರಿಯೂ ಮೋಟಾರಿನ ಭಾರ ಬಿದ್ದಾಗ ಕುಸಿಯಬಹುದು. ಸದ್ದು ಎಳೆದೆಳೆದು ಬಂದರೆ, ಫ್ಲ್ಯಾಶ್ ಸಿದ್ಧವಾಗಲು ಬಹಳ ಹೊತ್ತು ತೆಗೆದುಕೊಂಡರೆ, ಕ್ಯಾಮೆರಾವನ್ನು ಶಂಕಿಸುವ ಮೊದಲು ಬ್ಯಾಟರಿಯನ್ನು ಶಂಕಿಸಿ.

ಪುಟ್ಟ ಚೌಕಟ್ಟು

ನನ್ನಲ್ಲಿರುವುದು ಪೋಲರಾಯ್ಡ್ ಅಲ್ಲ, ಫ್ಯೂಜಿಯ ಇನ್‌ಸ್ಟಾಕ್ಸ್ ಮಿನಿ. ಅದೂ ಸೆಕೆಂಡ್ ಹ್ಯಾಂಡೇ, ಅದೂ ಸುಮ್ಮನೆ ಕೂತಿದೆ. ಖಾಲಿ ಪ್ಯಾಕ್‌ನ ಉಪಾಯ ಇದಕ್ಕೂ ಆಗುತ್ತದೆಯೇ?

ಬೆಳ್ಳಿಕಣ

ಆಗುವುದಿಲ್ಲ. 1998ರಲ್ಲಿ ಶುರುವಾದ ಇನ್‌ಸ್ಟಾಕ್ಸ್ ಸರಣಿಯಲ್ಲಿ ಬ್ಯಾಟರಿ ಇರುವುದು ಕ್ಯಾಮೆರಾದಲ್ಲಿ, ಫಿಲ್ಮಿನಲ್ಲಲ್ಲ. ಮಿನಿ 8ರಂಥವುಗಳಿಗೆ ಎರಡು ಎಎ ಸೆಲ್ ಸಾಕು. ಕೆಲವು ಮಾದರಿಗಳಿಗೆ ಸಿಆರ್2 ಲಿಥಿಯಂ ಸೆಲ್ ಬೇಕು, ಮಿನಿ 90ಕ್ಕೆ ಚಾರ್ಜ್ ಮಾಡುವ ಬ್ಯಾಟರಿ. ಇವುಗಳಲ್ಲಿ ಪದೇ ಪದೇ ಕಾಣುವ ತೊಂದರೆ ಎಂದರೆ ಸೆಲ್ ಒಳಗೇ ಉಳಿದು ಸೋರಿರುವುದು. ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ, ಆಲ್ಕಲೈನ್ ಸೆಲ್‌ನ ಸೋರಿಕೆ ಕ್ಷಾರೀಯವಾದ್ದರಿಂದ, ಒಂದೆರಡು ಹನಿ ವಿನೆಗರ್ ತಾಗಿಸಿದ ಹತ್ತಿಕಡ್ಡಿಯಿಂದ ಅದನ್ನು ಕರಗಿಸಿ, ಆಮೇಲೆ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಒಣಗಿದ ನಂತರ ಹೊಸ ಸೆಲ್ ಹಾಕಿ. ಫಿಲ್ಮ್ ಹಾಕುವಾಗ ಪ್ಯಾಕ್‌ನ ಹಳದಿ ಗುರುತು ಕ್ಯಾಮೆರಾದ ಹಳದಿ ಗುರುತಿಗೆ ಹೊಂದಿಕೊಳ್ಳಬೇಕು. ಪ್ಯಾಕ್ ಮುಗಿಯುವವರೆಗೆ ಹಿಂಬಾಗಿಲನ್ನು ತೆರೆಯಬೇಡಿ, ತೆರೆದರೆ ಉಳಿದ ಹಾಳೆಗಳಿಗೆ ಬೆಳಕು ತಗಲುತ್ತದೆ.

ನೆರಳುಬೆಳಕು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಾಗಿಲೊಳಗಿನ ಬರಹ 600 ಎಂದೇ ಇದೆ. ಪರಿಚಿತರೊಬ್ಬರಿಂದ ಖಾಲಿ ಪ್ಯಾಕ್ ತಂದು, ಲೋಹದ ಪಟ್ಟಿಗಳನ್ನು ಒರೆಸಿ, ಒಳಗಿಟ್ಟು ಬಾಗಿಲು ಮುಚ್ಚಿದೆ. ಮೋಟಾರು ತಿರುಗಿತು! ಫ್ಲ್ಯಾಶ್ ಎತ್ತಿದಾಗ ಸಣ್ಣಗೆ ಕೀರಲು ಸದ್ದು ಬಂದು, ಸ್ವಲ್ಪ ಹೊತ್ತಿಗೆ ದೀಪ ಹೊತ್ತಿತು. ಗುಂಡಿ ಒತ್ತಿದಾಗ ಫ್ಲ್ಯಾಶ್ ಮಿನುಗಿತು, ಶಟರಿನ ಸದ್ದೂ ಕೇಳಿಸಿತು. ಇಷ್ಟು ಕಾಲ ಸುಮ್ಮನಿದ್ದ ವಸ್ತು ಕೈಯಲ್ಲೇ ಚಾಲನೆಗೊಂಡಾಗ ಆದ ಸಂತೋಷ ದೊಡ್ಡದು.

ಆದರೆ ಬಾಗಿಲೊಳಗಿರುವ ಎರಡು ರೋಲರ್‌ಗಳ ಸ್ಥಿತಿ ಚೆನ್ನಾಗಿಲ್ಲ. ಒಂದರ ಮೇಲೆ ಕಂದು ಬಣ್ಣದ, ಗಟ್ಟಿಯಾದ ಪೊರೆಯಂಥದ್ದು ಅಂಚಿನಿಂದ ಮಧ್ಯದವರೆಗೂ ಹಬ್ಬಿದೆ, ಉಗುರು ತಾಗಿಸಿದರೆ ಒರಟಾಗಿ ಸಿಗುತ್ತದೆ. ಇದನ್ನು ಹಾಗೇ ಬಿಟ್ಟು ಫಿಲ್ಮ್ ಹಾಕಬಹುದೇ?

ರೋಲರ್ ಮಿತ್ರ

ಖಂಡಿತ ಬೇಡ. ಮೋಟಾರು ತಿರುಗಿದ ಖುಷಿಯಲ್ಲಿ ನೇರವಾಗಿ ಹೊಸ ಪ್ಯಾಕ್ ಹಾಕಿ ನಿರಾಶರಾಗುವವರು ಬಹಳ, ಆದ್ದರಿಂದ ರೋಲರ್ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಚಿತ್ರದ ಕೆಳಗಿನ ಅಗಲವಾದ ಬಿಳಿ ಅಂಚಿನೊಳಗೆ ರಾಸಾಯನಿಕ ತುಂಬಿದ ಪುಟ್ಟ ಚೀಲವಿರುತ್ತದೆ. ಬೆಳಕು ಬಿದ್ದಾದ ಮೇಲೆ, ಹಿಂದಿನ ಮೂಲೆಯಲ್ಲಿರುವ ಸಣ್ಣ ಕೊಕ್ಕೆಯೊಂದು ಹಾಳೆಯನ್ನು ಮುಂದಕ್ಕೆ ನೂಕಿ ರೋಲರ್‌ಗಳ ಬಾಯಿಗೆ ಕೊಡುತ್ತದೆ. ಚೀಲವಿರುವ ಅಂಚೇ ಮೊದಲು ಒಳಹೋಗುವುದರಿಂದ, ಚೀಲ ಒಡೆದು ಅದರೊಳಗಿನ ದ್ರವ ಹಾಳೆಯ ಪದರಗಳ ನಡುವೆ ಚಿತ್ರದ ಕೆಳಗಿನಿಂದ ಮೇಲಕ್ಕೆ ತೆಳುವಾಗಿ, ಸಮವಾಗಿ ಹರಡುತ್ತಾ ಹೋಗುತ್ತದೆ; ಮಿಕ್ಕಿದ್ದು ಮೇಲಿನ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇಡೀ ಚಿತ್ರ ಈ ಒಂದು ಕ್ಷಣದ ಹರಡುವಿಕೆಯನ್ನು ನಂಬಿಕೊಂಡಿದೆ. ರೋಲರಿನ ಮೇಲೆ ಒಂದು ಕಣ ಅಂಟಿಕೊಂಡಿದ್ದರೂ ಅದು ಪ್ರತಿ ಸುತ್ತಿಗೂ ಹಾಳೆಯನ್ನು ಒಂದೊಂದು ಕಡೆ ಅದುಮಿ, ಒಂದೇ ಅಂತರದಲ್ಲಿ ಸಾಲಾಗಿ ಕಲೆಗಳನ್ನು ಮೂಡಿಸುತ್ತದೆ. ನಿಮ್ಮ ರೋಲರಿನ ಮೇಲಿರುವುದು ಹಿಂದೆಂದೋ ಸೋರಿ ಒಣಗಿದ ಅದೇ ರಾಸಾಯನಿಕ.

ಪ್ಯಾಕನ್ನು ಹೊರತೆಗೆದು, ಬಾಗಿಲು ತೆರೆದೇ ಇರಲಿ. ನೂಲು ಬಿಡದ ಬಟ್ಟೆಯನ್ನು ನೀರಿನಲ್ಲಿ ಒದ್ದೆಮಾಡಿ ಚೆನ್ನಾಗಿ ಹಿಂಡಿ, ಪೊರೆಯ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಒಣಗಿದ ರಾಸಾಯನಿಕ ನೀರಿಗೆ ಮೆತ್ತಗಾಗುತ್ತದೆ. ಆಗ ಒರೆಸಿದರೆ ಬರುತ್ತದೆ. ರೋಲರಿನ ಒಂದು ತುದಿಯಲ್ಲಿ ಹಲ್ಲುಗಾಲಿ ಇದೆ, ಅದನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತಾ ರೋಲರಿನ ಸುತ್ತಳತೆಯ ಎಲ್ಲ ಭಾಗವನ್ನೂ ಕಣ್ಣಿಗೆ ತಂದುಕೊಳ್ಳಿ. ಕೊನೆಯಲ್ಲಿ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ತುದಿಗಳನ್ನೂ ಹಲ್ಲುಗಾಲಿಯ ಸಂದುಗಳನ್ನೂ ಬಿಡಿಸಿ. ಬ್ಲೇಡು, ಚಾಕು, ಉಕ್ಕಿನ ನಾರು ಇವನ್ನು ಹತ್ತಿರ ತರಲೇಬೇಡಿ. ಲೋಹದ ಮೇಲೆ ಒಮ್ಮೆ ಬಿದ್ದ ಗೀರು ಮುಂದಿನ ಪ್ರತಿ ಚಿತ್ರದಲ್ಲೂ ಉಳಿಯುತ್ತದೆ. ಬೆಳಕಿಗೆ ಹಿಡಿದು ನೋಡಿದಾಗ ರೋಲರ್ ಉದ್ದಕ್ಕೂ ಒಂದೇ ಹೊಳಪು ಕಾಣಬೇಕು, ಕೈಯಿಂದ ತಿರುಗಿಸಿದಾಗ ಎಲ್ಲಿಯೂ ತಡೆಯಬಾರದು. ಈ ರಾಸಾಯನಿಕ ಪ್ರಬಲ ಕ್ಷಾರ, ಆದ್ದರಿಂದ ಕೈಗವಸು ಹಾಕಿಕೊಂಡೇ ಕೆಲಸ ಮಾಡಿ, ಮುಗಿದ ಮೇಲೆ ಕೈ ತೊಳೆಯಿರಿ.

ಮೂರನೇ ಕಣ್ಣು

ಇಷ್ಟೆಲ್ಲ ಮಾಡುವಾಗ ಕವಚವನ್ನೂ ಬಿಚ್ಚಿ, ಒಳಗಿನ ಗಾಲಿಗಳಿಗೆ ಎರಡು ಹನಿ ಎಣ್ಣೆ ಹಾಕಿಬಿಟ್ಟರೆ ಮೋಟಾರು ಹಗುರವಾಗಿ ಓಡುವುದಿಲ್ಲವೇ? ಹಳೆಯ ಯಂತ್ರಗಳಿಗೆ ಎಣ್ಣೆ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ.

ರೋಲರ್ ಮಿತ್ರ

ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಈ ಸಲಹೆಯನ್ನು ಯಾರೂ ಅನುಸರಿಸಬಾರದೆಂದು ಕೇಳಿಕೊಳ್ಳುತ್ತೇನೆ. ಫ್ಲ್ಯಾಶ್ ಇರುವ ಕ್ಯಾಮೆರಾದೊಳಗೆ ಕೆಪಾಸಿಟರ್ ಇರುತ್ತದೆ. ಪ್ಯಾಕ್‌ನ ಬ್ಯಾಟರಿ 6 ವೋಲ್ಟ್ ಮಾತ್ರವಾದರೂ, ಫ್ಲ್ಯಾಶ್ ಮಿನುಗಿಸಲು ಈ ಕೆಪಾಸಿಟರಿನಲ್ಲಿ ಕೂಡಿಡುವ ವೋಲ್ಟೇಜ್ ನೂರುಗಳ ಲೆಕ್ಕದಲ್ಲಿರುತ್ತದೆ, ಮತ್ತು ಬ್ಯಾಟರಿ ತೆಗೆದ ಮೇಲೂ ಅದು ಒಳಗೆ ಉಳಿದಿರಬಹುದು. ಕವಚ ಬಿಚ್ಚಿ ಅಲ್ಲಿ ಬೆರಳು ತಾಗಿದರೆ ಬಲವಾದ, ಅಪಾಯಕಾರಿಯಾದ ಶಾಕ್ ಹೊಡೆಯುತ್ತದೆ. ಇಲೆಕ್ಟ್ರಾನಿಕ್ಸ್ ದುರಸ್ತಿ ಬಲ್ಲವರಿಗೆ ಮಾತ್ರ ಆ ಕೆಲಸ ಬಿಡಬೇಕು.

ಇನ್ನು ಎಣ್ಣೆಯ ಮಾತು. ಪ್ಲಾಸ್ಟಿಕ್ ಗಾಲಿಗಳಿಗೆ ಹಾಕಿದ ಎಣ್ಣೆ ಅಲ್ಲಿಯೇ ನಿಲ್ಲದೆ ಹರಿದು ಶಟರಿನ ತೆಳು ಎಲೆಗಳನ್ನೋ ರೋಲರನ್ನೋ ಸೇರುತ್ತದೆ. ಎಲೆಗಳು ಅಂಟಿಕೊಂಡರೆ ಶಟರ್ ತೆರೆಯುವುದೇ ಇಲ್ಲ. ನೆರಳುಬೆಳಕು ಅವರ ಕ್ಯಾಮೆರಾದ ಮೋಟಾರು ತಾನಾಗಿ ಓಡುತ್ತಿರುವಾಗ ಅದಕ್ಕೆ ಕೈಹಚ್ಚುವ ಕಾರಣವೇ ಇಲ್ಲ.

ಮೂರನೇ ಕಣ್ಣು

ಕೆಪಾಸಿಟರಿನ ಅಪಾಯ ನನಗೆ ತಿಳಿದಿರಲಿಲ್ಲ. ವಿವರಿಸಿದ್ದಕ್ಕೆ ವಂದನೆಗಳು.

ಹಳೆಯ ಲೆನ್ಸ್

ರೋಲರ್ ಸ್ವಚ್ಛವಾದ ಮೇಲೆ ಮೊದಲ ಪ್ಯಾಕ್ ಹಾಕುವ ಕುರಿತು ಒಂದಷ್ಟು ಹೇಳಬೇಕು, ಏಕೆಂದರೆ ಹಳೆಯ ಪೋಲರಾಯ್ಡ್ ನೆನಪಿನ ಮೇಲೆ ಹೊಸ ಫಿಲ್ಮ್ ಬಳಸಿದರೆ ಫಲಿತಾಂಶ ಕೆಡುತ್ತದೆ. 2008ರಲ್ಲಿ ಪೋಲರಾಯ್ಡ್ ಕಂಪನಿ ಇನ್‌ಸ್ಟಂಟ್ ಫಿಲ್ಮ್ ತಯಾರಿಕೆಯನ್ನು ಕೈಬಿಡುವುದಾಗಿ ಪ್ರಕಟಿಸಿತು. ನೆದರ್‌ಲೆಂಡ್ಸಿನ ಎನ್‌ಸ್ಕೆಡೆಯಲ್ಲಿದ್ದ ಕಾರ್ಖಾನೆಯ ಯಂತ್ರಗಳನ್ನು ಇಂಪಾಸಿಬಲ್ ಪ್ರಾಜೆಕ್ಟ್ ಎಂಬ ತಂಡ ಕೊಂಡು ಉಳಿಸಿಕೊಂಡಿತು. ಮೂಲ ರಾಸಾಯನಿಕಗಳಲ್ಲಿ ಅನೇಕವು ಆ ಹೊತ್ತಿಗೆ ಸಿಗುತ್ತಿರಲಿಲ್ಲವಾದ್ದರಿಂದ ಅವರು ಸೂತ್ರವನ್ನೇ ಹೊಸದಾಗಿ ಕಟ್ಟಿ, 2010ರಲ್ಲಿ ಮೊದಲ ಫಿಲ್ಮ್ ಹೊರತಂದರು. ಇಂದು ಪೋಲರಾಯ್ಡ್ ಹೆಸರಿನಲ್ಲಿ ಬರುವ ಫಿಲ್ಮ್ ಆ ದಾರಿಯಲ್ಲೇ ಬೆಳೆದು ಬಂದದ್ದು. ಅಂದರೆ ನಿಮ್ಮ ಕ್ಯಾಮೆರಾ ಕಂಡ ಹಳೆಯ ಫಿಲ್ಮಿಗೂ ಈಗಿನದಕ್ಕೂ ಹೊರನೋಟ ಒಂದೇ ಆದರೂ ನಡವಳಿಕೆ ಬೇರೆ.

ಮುಖ್ಯವಾದ ವ್ಯತ್ಯಾಸವೆಂದರೆ, ಹೊರಬಂದ ಮೊದಲ ಕೆಲವು ಕ್ಷಣಗಳಲ್ಲಿ ಈಗಿನ ಫಿಲ್ಮಿಗೆ ಬೆಳಕು ಆಗಿಬರುವುದಿಲ್ಲ. ಹಾಳೆ ಹೊರಬರುವಾಗಲೇ ಕೈಯನ್ನು ಅಡ್ಡ ಹಿಡಿದು ನೆರಳು ಮಾಡಿ, ಕೂಡಲೇ ಮುಖ ಕೆಳಗಾಗಿ ಇಡಿ. ಹೊರಬರುವ ಹಾಳೆಯ ಮೇಲೆ ಸುರುಳಿ ಬಿಚ್ಚಿಕೊಂಡು ಮುಚ್ಚುವ ಕಪ್ಪು ಪರದೆಯನ್ನು ರೋಲರಿನ ಮುಂದೆ ಕೂರಿಸಿಕೊಳ್ಳಲೂ ಬರುತ್ತದೆ. ಹಳೆಯ ಪೆಟ್ಟಿಗೆ ಕ್ಯಾಮೆರಾಗಳಿಗೆ ಅದು ಬಹಳ ಉಪಯುಕ್ತ. ಬಣ್ಣದ ಚಿತ್ರ ಪೂರ್ತಿ ಮೂಡಲು 10ರಿಂದ 15 ನಿಮಿಷ ಬೇಕು, ಕಪ್ಪುಬಿಳುಪಿಗೆ ಸ್ವಲ್ಪ ಕಡಿಮೆ ಸಾಕು. ಕೈಯಲ್ಲಿ ಹಿಡಿದು ಅಲ್ಲಾಡಿಸುವುದು, ಬಗ್ಗಿಸುವುದು ಬೇಡ. ಒಳಗಿನ ಪದರಗಳು ಬಿಟ್ಟುಕೊಂಡು ಕಲೆಯಾಗುತ್ತವೆ.

ತಯಾರಿಕೆಯ ದಿನಾಂಕವನ್ನು ನೋಡಿಯೇ ಪ್ಯಾಕ್ ಕೊಳ್ಳಿ, ಒಂದು ವರ್ಷದೊಳಗಿನದಾದರೆ ಒಳ್ಳೆಯದು. ಹಳೆಯದಾದಷ್ಟೂ ಚೀಲದ ರಾಸಾಯನಿಕ ಒಣಗುತ್ತದೆ, ಬ್ಯಾಟರಿಯೂ ಸೊರಗುತ್ತದೆ. ಫ್ರಿಜ್‌ನಲ್ಲಿ ಇಡಬಹುದು, ಆದರೆ ಫ್ರೀಜರಿನಲ್ಲಿ ಇಡಬಾರದು, ಮತ್ತು ಬಳಸುವ ಮುನ್ನ ಕೋಣೆಯ ಉಷ್ಣಾಂಶಕ್ಕೆ ಬರಲು ಬಿಡಬೇಕು.

ನೆರಳುಬೆಳಕು

ಹೇಳಿದಂತೆಯೇ ಮಾಡಿದೆ. ರೋಲರ್‌ಗಳು ಈಗ ಹೊಳೆಯುತ್ತಿವೆ. ಹೊಸ ಪ್ಯಾಕ್ ಹಾಕಿದಾಗ ಕಪ್ಪು ಹಾಳೆ ಸಲೀಸಾಗಿ ಹೊರಬಂತು. ಮೊದಲ ಚಿತ್ರವನ್ನು ಹೊರಗೆ, ಮರವೊಂದರ ಮುಂದೆ ನಿಂತವರನ್ನು ಇಟ್ಟು ತೆಗೆದೆ. ಮುಖ, ಬಟ್ಟೆ, ಎಲೆಗಳು ಎಲ್ಲವೂ ಮೂಡಿವೆ. ಆದರೂ ಕೆಲವು ಅನುಮಾನಗಳಿವೆ. ಮೇಲಿನ ಬಲ ಮೂಲೆಯಲ್ಲಿ ಒಂದು ತುಣುಕು ಏನೂ ಮೂಡದೆ ಉಳಿದಿದೆ. ಕೋಣೆಯೊಳಗೆ ಫ್ಲ್ಯಾಶ್ ಇಲ್ಲದ ಗುಂಡಿ ಒತ್ತಿ ತೆಗೆದ ಚಿತ್ರ ತೀರ ಕಪ್ಪಾಗಿ, ಅಲುಗಿದಂತೆ ಬಂದಿದೆ. ಹತ್ತಿರದಿಂದ ತೆಗೆದ ಹೂವಿನ ಚಿತ್ರ ಮಸುಕಾಗಿದೆ. ಬಿಸಿಲಿನಲ್ಲಿ ತೆಗೆದದ್ದು ಹಳದಿ ಬಣ್ಣಕ್ಕೆ ವಾಲಿದೆ. ಇವುಗಳಲ್ಲಿ ಯಾವುದು ಕ್ಯಾಮೆರಾದ ದೋಷ?

ರೋಲರ್ ಮಿತ್ರ

ನನ್ನ ಅಂದಾಜಿನಲ್ಲಿ ಯಾವುದೂ ಅಲ್ಲ. ದ್ರವ ಕೆಳಗಿನಿಂದ ಮೇಲಕ್ಕೆ ಹರಡುತ್ತದೆ ಎಂದು ಹೇಳಿದ್ದೆನಲ್ಲ, ಅದು ಕೊನೆಯವರೆಗೆ ತಲುಪದಿದ್ದಾಗ ಖಾಲಿ ಉಳಿಯುವುದು ಮೇಲಿನ ಮೂಲೆಯೇ. ಒಂದೇ ಚಿತ್ರದಲ್ಲಿ ಹೀಗಾಗಿದ್ದರೆ ಆ ಹಾಳೆಯ ಚೀಲದ್ದೇ ಕೊರತೆ. ಪ್ರತಿ ಚಿತ್ರದಲ್ಲೂ ಅದೇ ಮೂಲೆ ಹೋಗುತ್ತಿದ್ದರೆ ಮಾತ್ರ ರೋಲರಿನ ಆ ತುದಿಯನ್ನು ಇನ್ನೊಮ್ಮೆ ಪರೀಕ್ಷಿಸಿ.

ಕೋಣೆಯೊಳಗೆ ಫ್ಲ್ಯಾಶ್ ಇಲ್ಲದೆ ತೆಗೆಯಬೇಡಿ. 600 ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಅದು ಸ್ಪಂದಿಸುವ ಚುರುಕು, ಐಎಸ್‌ಒ ಎಂಬ ಅಳತೆಯಲ್ಲಿ 640ರ ಆಸುಪಾಸಿನಲ್ಲಿದ್ದರೂ, ಈ ಸರಳ ಲೆನ್ಸಿಗೆ ಮನೆಯ ದೀಪದ ಬೆಳಕು ಸಾಲುವುದಿಲ್ಲ. ಹೂವಿನ ಚಿತ್ರಕ್ಕೆ ಅಂತರವೇ ಕಾರಣ: ಫೋಕಸ್ ಬದಲಾಯಿಸಲಾಗದ ಮಾದರಿಗಳಿಗೆ ಸುಮಾರು 1.2 ಮೀಟರ್ ದೂರವಾದರೂ ಬೇಕು. ನಿಮ್ಮದರಲ್ಲಿ ಹತ್ತಿರದ ಚಿತ್ರಕ್ಕಾಗಿ ಸರಿಸುವ ಲೆನ್ಸ್ ಇದ್ದರೆ ಅದನ್ನು ಬಳಸಿ.

ಹಳದಿ ಛಾಯೆ ಸೆಕೆಯದ್ದು. ಈ ಫಿಲ್ಮ್ 13ರಿಂದ 28 ಡಿಗ್ರಿ ಸೆಲ್ಸಿಯಸ್ ನಡುವೆ ಚೆನ್ನಾಗಿ ಮೂಡುತ್ತದೆ. ಅದಕ್ಕಿಂತ ಬಿಸಿಯಾದರೆ ಹಳದಿಗೆ, ಕೆಂಪಿಗೆ ತಿರುಗುತ್ತದೆ, ತಣ್ಣಗಾದರೆ ಪೇಲವವಾಗಿ ನೀಲಿಗೆ ತಿರುಗುತ್ತದೆ. ಬಿಸಿಲಲ್ಲಿ ತೆಗೆದ ಚಿತ್ರವನ್ನು ತಂಪಾದ ಜಾಗಕ್ಕೆ ಒಯ್ದು ಮೂಡಲು ಬಿಡಿ. ಚಿತ್ರಗಳು ಒಂದೇ ಸಮನೆ ತಿಳಿಯಾಗಿಯೋ ಕಪ್ಪಾಗಿಯೋ ಬರುತ್ತಿದ್ದರೆ ಲೆನ್ಸಿನ ಪಕ್ಕದಲ್ಲಿ ಆಚೀಚೆ ಸರಿಸುವ ಗುಂಡಿಯಿಂದ ಹೊಂದಿಸಿಕೊಳ್ಳಬಹುದು.

ಮಡಿಚುವ ಕ್ಯಾಮೆರಾ

ಈ ಎಳೆಯಲ್ಲೇ ಕೇಳಿಬಿಡುತ್ತೇನೆ. ನನ್ನಲ್ಲಿ ಮಡಿಚಿಡುವ ಎಸ್‌ಎಕ್ಸ್-70 ಇದೆ. ಅದಕ್ಕೆ 600 ಫಿಲ್ಮ್ ಬಳಸುತ್ತಾರೆಂದು ಕೇಳಿದ್ದೇನೆ, ನಿಜವೇ?

ಹಳೆಯ ಲೆನ್ಸ್

ಬಳಸುವವರಿದ್ದಾರೆ. ಆದರೆ ನಿಮ್ಮ ಕ್ಯಾಮೆರಾ ಲೆಕ್ಕ ಹಾಕುವುದು ಐಎಸ್‌ಒ 160ರ ಸುಮಾರಿಗೆ. 600 ಫಿಲ್ಮ್ ಅದಕ್ಕಿಂತ ನಾಲ್ಕು ಪಟ್ಟು ಚುರುಕು. ಬೆಳಕನ್ನು ಕಾಲು ಭಾಗಕ್ಕೆ ಇಳಿಸುವ ಎನ್‌ಡಿ ಫಿಲ್ಟರ್ ಅಡ್ಡ ಇಡದಿದ್ದರೆ ಚಿತ್ರ ಬಿಳಿಚಿಕೊಳ್ಳುತ್ತದೆ. ಎಸ್‌ಎಕ್ಸ್-70ಕ್ಕೆಂದೇ ಫಿಲ್ಮ್ ಸಿಗುತ್ತಿರುವಾಗ ಅದನ್ನೇ ಹಾಕುವುದು ನನ್ನ ಆಯ್ಕೆ. ನಿಮ್ಮದು 1978ರಿಂದ ಬಂದ, ಶಬ್ದತರಂಗದಿಂದ ದೂರ ಅಳೆದು ತಾನೇ ಫೋಕಸ್ ಮಾಡುವ ಸೋನಾರ್ ಮಾದರಿಯಾಗಿದ್ದರೆ ಕಿಟಕಿಯ ಗಾಜಿನ ಮೂಲಕ ಚಿತ್ರ ತೆಗೆಯುವಾಗ ಫೋಕಸನ್ನು ಕೈಯಿಂದಲೇ ಹೊಂದಿಸಿ. ಶಬ್ದತರಂಗ ಗಾಜಿಗೆ ಬಡಿದು ಮರಳುವುದರಿಂದ ಕ್ಯಾಮೆರಾ ಗಾಜಿನ ಮೇಲೆಯೇ ಫೋಕಸ್ ಮಾಡುತ್ತದೆ. ಚರ್ಮದಂತೆ ಮಡಿಕೆ ಮಡಿಕೆಯಾಗಿರುವ ಕಪ್ಪು ಭಾಗದಲ್ಲಿ ತೂತುಗಳಿವೆಯೇ ಎಂದೂ ನೋಡಿ. ಕತ್ತಲಲ್ಲಿ ಒಳಗಿನಿಂದ ಸಣ್ಣ ಟಾರ್ಚ್ ಬಿಟ್ಟರೆ ಸೂಜಿಮೊನೆಯಷ್ಟು ತೂತೂ ಹೊರಗೆ ಮಿನುಗುತ್ತದೆ.

ನೆರಳುಬೆಳಕು

ತಂಪಾದ ಕೋಣೆಯಲ್ಲಿ ಮೂಡಲು ಬಿಟ್ಟ ಚಿತ್ರಗಳಲ್ಲಿ ಹಳದಿ ಛಾಯೆ ಇಲ್ಲವೆನ್ನುವಷ್ಟು ಕಡಿಮೆಯಾಗಿದೆ, ಖಾಲಿ ಮೂಲೆಯೂ ಮತ್ತೆ ಕಾಣಿಸಲಿಲ್ಲ. ಕೊನೆಯದಾಗಿ ಒಂದು ಪ್ರಶ್ನೆ. ಹಿಂದಿನ ಎಣಿಕೆಯ ಕಿಂಡಿಯಲ್ಲಿ ಈಗ 2 ಎಂದಿದೆ, ಆದರೆ ಗುಂಡಿ ಒತ್ತಿದರೆ ಮೋಟಾರು ಮಾತ್ರ ತಿರುಗುತ್ತದೆ, ಚಿತ್ರ ಹೊರಬರುವುದಿಲ್ಲ. ಎರಡು ಹಾಳೆ ಒಳಗೆ ಸಿಕ್ಕಿಕೊಂಡಿರಬಹುದೇ? ಬಾಗಿಲು ತೆರೆಯಲು ಭಯವಾಗುತ್ತಿದೆ.

ಬೆಳ್ಳಿಕಣ

ಭಯ ಬೇಡ, ಪ್ಯಾಕ್ ಮುಗಿದಿದೆ. ನಿಮ್ಮ ಕ್ಯಾಮೆರಾ ತಯಾರಾದ ಕಾಲದಲ್ಲಿ ಒಂದು ಪ್ಯಾಕ್‌ನಲ್ಲಿ 10 ಹಾಳೆಗಳಿರುತ್ತಿದ್ದವು, ಆದ್ದರಿಂದ ಎಣಿಕೆ 10ರಿಂದ ಇಳಿಯುತ್ತಾ ಬರುತ್ತದೆ. ಈಗಿನ ಪ್ಯಾಕ್‌ನಲ್ಲಿ ಇರುವುದು 8 ಹಾಳೆ ಮಾತ್ರ. ಕಿಂಡಿಯಲ್ಲಿ 2 ಕಂಡಾಗ ಬಾಗಿಲು ತೆರೆದು ಪ್ಯಾಕ್ ಬದಲಾಯಿಸಬಹುದು. ಬಾಗಿಲು ತೆರೆದು ಮುಚ್ಚಿದ ಮೇಲೆ ಎಣಿಕೆ ಮತ್ತೆ 10ಕ್ಕೆ ಬರುತ್ತದೆ. ಹೊಸ ಪ್ಯಾಕ್ ಹಾಕುವ ಮುನ್ನ ರೋಲರನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಿಸಿಕೊಳ್ಳಿ.